ಎರಡನೇದೂ ಹೆಣ್ಣಾದ್ರೆ ಮನೆ ನೆಮ್ಮದಿ ಎಲ್ಲಿಗೆ ಹೋಯ್ತದವ್ವ?

ಅಕ್ಕದೀರೆ, ದೊಡ್ಡವ್ವದೀರೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡಿ. ಮದ್ದೂರಾಗ್ಲಿ ಮಳವಳ್ಳಿಯಾಗ್ಲಿ, ಯಾರ ಮನೆ ಜಗುಲಿ ಮೇಲೆ ಕೂತ್ರೂ ನಮ್ಮದೊಂದೇ ಮಾತು: "ಮನೇಲಿ ಪ್ರೀತಿ ಇರ್ಬೇಕು, ಮನಸ್ಸಿಗೆ ನೆಮ್ಮದಿ ಇರ್ಬೇಕು, ಇನ್ನೇನ್ ಬೇಕವ್ವ?" ಅದೇ ಬಾಯಲ್ಲಿ ಬಾಣಂತಿ ನೋಡಕ್ಕೆ ಹೋಗಿ, "ಈ ಸಲಾನೂ ಹೆಣ್ಣಾ? ಹೋಗ್ಲಿ ಬಿಡು" ಅಂತೀವಿ. ಏನು ಹೋಗ್ಲಿ? ಯಾರು ಹೋಗ್ಲಿ?

2023ರ ಕೊನೇಲಿ ಬೆಂಗಳೂರು ಪೊಲೀಸರು ಭ್ರೂಣಹತ್ಯೆ ಜಾಲ ಹಿಡಿದಾಗ ನಮ್ಮ ಮಂಡ್ಯ ಹತ್ರದ ಒಂದು ಆಲೆಮನೆ ಹೆಸರು ಹೊರಗೆ ಬಂತು. ಕಬ್ಬು ಅರೆದು ಬೆಲ್ಲ ಕಾಯಿಸೋ ಜಾಗದಲ್ಲಿ ಸ್ಕ್ಯಾನಿಂಗ್ ಮೆಷಿನ್ ಮಡಗಿ, ಹೊಟ್ಟೇಲಿರೋದು ಗಂಡೋ ಹೆಣ್ಣೋ ಅಂತ ಹೇಳ್ತಿದ್ರಂತೆ. ಎಲ್ಲರೂ ಡಾಕ್ಟ್ರಿಗೆ, ದಲ್ಲಾಳಿಗೆ ಶಾಪ ಹಾಕಿದ್ವಿ. ಹಾಕ್ಬೇಕಾದ್ದೇ. ಆದ್ರೆ ಗಿರಾಕಿ ಇಲ್ದೆ ಯಾರೂ ಅಂಗಡಿ ತೆಗೆಯಲ್ಲ. ಬಸುರಿ ಹೆಂಗಸು ಒಬ್ಬಳೇ ಆಲೆಮನೆ ಹುಡುಕ್ಕೊಂಡು ಹೋಗಿರ್ತಾಳಾ? ದುಡ್ಡು ಹೊಂಚಿದವರು, ಕರ್ಕೊಂಡು ಹೋದವರು, "ಮನೆ ನೆಮ್ಮದಿಗೆ ಒಂದು ಗಂಡು ಬೇಕು" ಅಂತ ಕಿವಿ ಕಚ್ಚಿದವರು ಮನೆಯವರೇ ತಾನೆ?

ಯಾರ ನೆಮ್ಮದಿ ಅದು? ಸೊಸೆ ಬಾಯಿ ಮುಚ್ಕೊಂಡು ಅಡುಗೆಮನೇಲಿ ಕಣ್ಣು ಒರೆಸ್ಕೊಂಡ್ರೆ ಮನೆ ಶಾಂತವಾಗದೆ ಅಂತೀವಿ. ಅದು ಶಾಂತಿಯಲ್ಲ, ಹೆದರಿಕೆ. ಇನ್ನೂ ಒಂದು ಮಾತು. ಮಗು ಗಂಡೋ ಹೆಣ್ಣೋ ಅನ್ನೋದು ತೀರ್ಮಾನ ಆಗೋದು ಅಪ್ಪನ ಕಡೆಯಿಂದ. ಬೈಸ್ಕೊಳ್ಳೋಳು ಮಾತ್ರ ತಾಯಿ.

"ಗದ್ದೆ ಯಾರು ನೋಡ್ತಾರೆ? ಕೊನೆಗಾಲಕ್ಕೆ ಯಾರು?" ಅಂತೀರಿ. ವರದಕ್ಷಿಣೆ ಭಯಾನೂ ಸುಳ್ಳಲ್ಲ. ಆದ್ರೆ ಗಂಡುಮಕ್ಕಳೂ ಕೆಲಸ ಹುಡುಕ್ಕೊಂಡು ಬೆಂಗಳೂರು ಬಸ್ ಹತ್ತವ್ರೆ. ಹುಷಾರಿಲ್ಲ ಅಂದ್ರೆ ಎಷ್ಟೋ ಮನೇಲಿ ಮೊದ್ಲು ಓಡಿ ಬರೋಳು ಮಗಳೇ. ಪಿತ್ರಾರ್ಜಿತ ಆಸ್ತೀಲಿ 2005ರಿಂದ ಮಗಳಿಗೂ ಮಗನಷ್ಟೇ ಪಾಲು ಅಂತ ಕಾನೂನೇ ಹೇಳ್ತದೆ. ವರದಕ್ಷಿಣೆ ಕೇಳೋದನ್ನ ಬಿಡೋ ಬದಲು ಮಗಳನ್ನೇ ಬಿಡೋದು ಯಾವ ನ್ಯಾಯ?

ಅದೇ 2023ರ ಫೆಬ್ರವರೀಲಿ ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮದುವೆಯಾಗದ ಹುಡುಗರು, ಹೆಣ್ಣು ಸಿಗ್ಲಿ ಅಂತ ಹರಕೆ ಹೊತ್ತು ಮಲೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋದ್ರು. ಜನ ನಕ್ಕರು. ನಗೋದಲ್ಲ ಅದು. ರೈತನಿಗೆ ಹೆಣ್ಣು ಕೊಡಕ್ಕೆ ಹಿಂದೇಟು ಹಾಕೋದೂ ಒಂದು ಕಾರಣ, ಒಪ್ತೀನಿ. ಆದ್ರೆ ಹುಟ್ಟಕ್ಕೇ ಬಿಡದ ಹೆಣ್ಣನ್ನ ಮಾದಪ್ಪ ತಾನೆ ಎಲ್ಲಿಂದ ತಂದುಕೊಡ್ತಾನೆ?

ಲಿಂಗ ಪತ್ತೆ ತಡೆಯೋ ಕಾನೂನು 1994ರಲ್ಲೇ ಬಂದದೆ. ಮಾಡಿಸಿದವರಿಗೆ ಮೊದಲನೇ ಸಲಕ್ಕೇ 3 ವರ್ಷದವರೆಗೆ ಜೈಲು, 50 ಸಾವಿರದವರೆಗೆ ದಂಡ. ಬಸುರಿಯನ್ನ ಗಂಡನೋ ನೆಂಟರೋ ಬಲವಂತ ಮಾಡವ್ರೆ ಅಂತಾನೇ ಕಾನೂನು ಮೊದ್ಲು ತಿಳ್ಕತದೆ. ಕಾಗದದ ಕಾನೂನಿಗೇ ಆಕೆ ಮೇಲೆ ಅಷ್ಟು ಕರುಣೆ ಇರುವಾಗ, ಅತ್ತೆಮ್ಮ, ನಾದಿನಿ, ಪಕ್ಕದಮನೆಯವರಾದ ನಮಗೆ ಇರಬಾರ್ದಾ?

ಪ್ರೀತಿ ಅಂದ್ರೆ ದೊಡ್ಡ ವಿಚಾರ ಏನಲ್ಲ ಕಣ್ರವ್ವ. ಎರಡನೇ ಹೆಣ್ಣು ಹುಟ್ಟಿದಾಗ್ಲೂ ಬೀದಿಗೆಲ್ಲ ಸಕ್ಕರೆ ಹಂಚಿ. ತಟ್ಟೇಲಿ ಮೊಟ್ಟೆ, ಲೋಟದಲ್ಲಿ ಹಾಲು ಮೊಮ್ಮಗನಷ್ಟೇ ಮೊಮ್ಮಗಳಿಗೂ ಕೊಡಿ. "ಸ್ಕ್ಯಾನಿಂಗ್ ಮಾಡ್ಸು" ಅಂತ ಯಾರಾದ್ರೂ ಪಿಸುಗುಟ್ಟಿದ್ರೆ ಸುಮ್ಕಿರಬ್ಯಾಡಿ, ಎದುರಿಗೇ ಕೇಳಿ. ಅವತ್ತು ಮನೇಲಿ ಒಸಿ ಜಗಳ ಆದ್ರೂ ಆಗ್ಲಿ. ಆ ತಾಯಿ ರಾತ್ರಿ ನೆಮ್ಮದಿಯಾಗಿ ಮಲಗ್ತಾಳೆ.