ಆದಿತ್ಯ ಅಲ್ಲಿ ನಿಂತಿಲ್ಲ

ತೊಂಡೇಬಾವಿಯಲ್ಲಿ ರೈಲು ಹತ್ತಿ ಹಿಂದೂಪುರದ ದಿಕ್ಕಿಗೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಗೌರಿಬಿದನೂರು ಬರುತ್ತದೆ. ಆ ಊರಿನ ಬಳಿ ಬಯಲಿನಲ್ಲಿ ಸಾಲುಸಾಲಾಗಿ ಆಂಟೆನಾಗಳು ನಿಂತಿವೆ. ಹಿಂದೆ ಮನೆ ಮೇಲಿರುತ್ತಿದ್ದ ಟಿ.ವಿ. ಆಂಟೆನಾಗಳ ಅಣ್ಣಂದಿರಂತೆ ಕಾಣುವ ಇವು ನೋಡುವುದು ಸೂರ್ಯನನ್ನು. ಸೂರ್ಯನ ಹೊರಗಿನ ಆವರಣವಾದ ಕರೋನಾದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿದು ಚಿತ್ರ ಮಾಡುವ ಈ ಕೆಲಸವನ್ನು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ 1997ರಲ್ಲಿ ಆರಂಭಿಸಿತು. ಆದರೆ ಹೊತ್ತು ಮುಳುಗಿದ ಮೇಲೆ ಆಂಟೆನಾ ತಾನೇ ಏನು ಮಾಡೀತು?

ಹಗಲು ರಾತ್ರಿಯೆನ್ನದೆ ಸೂರ್ಯನನ್ನು ನೋಡಬೇಕಾದರೆ ಭೂಮಿ ಅಡ್ಡ ಬಾರದ ಜಾಗ ಬೇಕು. ಇದೇ ಸಂಸ್ಥೆ ಕಟ್ಟಿಕೊಟ್ಟ ಕರೋನಾದರ್ಶಕವನ್ನು ಹೊತ್ತ ಇಸ್ರೋದ ಆದಿತ್ಯ-ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು, 2024ರ ಜನವರಿ 6ರಂದು ಅಂಥ ಜಾಗ ಸೇರಿತು. ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿರುವ ಲಗ್ರಾಂಜ್ ಬಿಂದು ಅದು. (ಲೆಕ್ಕದಲ್ಲಿ ಇದನ್ನು ಮೊದಲು ಕಂಡವರು ಆಯ್ಲರ್; ಹೆಸರು ಬಂದದ್ದು ಲಗ್ರಾಂಜ್‌ಗೆ.)

ನೌಕೆ ಅಲ್ಲೇ ಏಕೆ ಉಳಿಯುತ್ತದೆ? 'ಅಲ್ಲಿ ಸೂರ್ಯನ ಸೆಳೆತವೂ ಭೂಮಿಯ ಸೆಳೆತವೂ ಸಮ, ಒಂದನ್ನೊಂದು ಅಳಿಸಿಹಾಕುತ್ತವೆ' ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಅಚ್ಚಿನಲ್ಲೂ ಈ ಮಾತು ಎಷ್ಟೋ ಕಡೆ ಬಂದಿದೆ. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಸೆಳೆತವೇ ಇಲ್ಲದಿದ್ದರೆ ನೌಕೆ ನ್ಯೂಟನ್ನನ ಮೊದಲ ನಿಯಮದಂತೆ ನೇರ ಗೆರೆಯಲ್ಲಿ ಹೊರಟುಹೋಗಬೇಕು, ಕವಣೆಯಿಂದ ಬಿಟ್ಟ ಕಲ್ಲಿನಂತೆ. ಆದಿತ್ಯನಾದರೋ ಭೂಮಿಯ ಜೊತೆಜೊತೆಗೇ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತಿದೆ.

ಎರಡೂ ಸೆಳೆತ ಸಮವಾಗುವ ಜಾಗ ಬೇರೆಯೇ ಇದೆ. ಅದು ಭೂಮಿಯಿಂದ ಬರೀ 2.6 ಲಕ್ಷ ಕಿ.ಮೀ. ದೂರದಲ್ಲಿ, ಚಂದ್ರನಿಗಿಂತಲೂ ಈಚೆಗೆ. ಅಂದರೆ 3.84 ಲಕ್ಷ ಕಿ.ಮೀ. ದೂರದ ನಮ್ಮ ಚಂದ್ರನನ್ನು ಭೂಮಿಗಿಂತ ಸೂರ್ಯನೇ ಹೆಚ್ಚು ಎಳೆಯುತ್ತಿದ್ದಾನೆ! ಆದರೂ ಚಂದ್ರ ನಮ್ಮನ್ನು ಬಿಟ್ಟು ಹೋಗಿಲ್ಲ. ಏಕೆಂದರೆ ಸೂರ್ಯ ಭೂಮಿಯನ್ನೂ ಚಂದ್ರನನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ಎಳೆಯುತ್ತಾನೆ.

ಹಾಗಾದರೆ ಆದಿತ್ಯನ ಗುಟ್ಟೇನು? ಸೂರ್ಯನಿಗೆ ಹತ್ತಿರವಾದಷ್ಟೂ ಸುತ್ತು ಬೇಗ ಮುಗಿಯುತ್ತದೆ. ಶುಕ್ರನಿಗೆ 225 ದಿನ ಸಾಕು. ಆದಿತ್ಯ ನಮಗಿಂತ ಶೇಕಡಾ 1ರಷ್ಟು ಸೂರ್ಯನಿಗೆ ಹತ್ತಿರ. ಭೂಮಿ ಎಂಬುದೇ ಇಲ್ಲದಿದ್ದರೆ ಅಷ್ಟು ದೂರದಲ್ಲಿ ಅದರ ವರ್ಷ ಸುಮಾರು 360 ದಿನ. ಪ್ರತಿ ವರ್ಷ ನಮಗಿಂತ ಐದಾರು ದಿನ ಮುಂದೆ ಓಡಿ, ಕ್ರಮೇಣ ದೂರವಾಗಿಬಿಡುತ್ತಿತ್ತು. (ಕೆಪ್ಲರನ ಮೂರನೆಯ ನಿಯಮ ಗೊತ್ತಿರುವವರು ಲೆಕ್ಕ ಮಾಡಿ ನೋಡಬಹುದು.) ಆದರೆ ಬೆನ್ನ ಹಿಂದಿನಿಂದ ಭೂಮಿ ಎಳೆಯುತ್ತಿದೆ. ಅದರ ಬಲ ಅಲ್ಲಿ ಸೂರ್ಯನ ಬಲದ ಶೇಕಡಾ 3ರಷ್ಟು ಮಾತ್ರ. ಅಷ್ಟನ್ನು ಕಳೆದು ಉಳಿದ ಶೇಕಡಾ 97ರ ಸೆಳೆತ, 365 ದಿನಕ್ಕೊಂದು ಸುತ್ತು ಹಾಕಿಸಲು ಎಷ್ಟು ಬೇಕೋ ಅಷ್ಟೇ ಇದೆ. ದಾರಕ್ಕೆ ಕಲ್ಲು ಕಟ್ಟಿ ತಿರುಗಿಸಿದವರಿಗೆ ಇದು ಕೈಯಲ್ಲೇ ತಿಳಿದಿರುತ್ತದೆ: ನಿಧಾನವಾಗಿ ತಿರುಗಿಸಿದರೆ ದಾರದ ಜಗ್ಗು ಕಡಿಮೆ.

ಈ ಹೊಂದಾಣಿಕೆ ಬಹಳ ನಾಜೂಕು. ಬೋರಲು ಹಾಕಿದ ಬಾಣಲೆಯ ಮೇಲೆ ಗೋಲಿ ಇಟ್ಟಂತೆ, ತುಸು ಜರುಗಿದರೆ ಜರುಗುತ್ತಲೇ ಹೋಗುತ್ತದೆ. ಅಲ್ಲದೆ ಸರಿಯಾಗಿ ಬಿಂದುವಿನ ಮೇಲೆಯೇ ಕೂತರೆ ಭೂಮಿಯಿಂದ ನೋಡುವಾಗ ನೌಕೆಯ ಹಿಂದೆಯೇ ಸೂರ್ಯ. ಅವನ ರೇಡಿಯೋ ಗದ್ದಲದಲ್ಲಿ ನೌಕೆಯ ಸಂಕೇತ ಕೇಳಿಸದು. ಆದ್ದರಿಂದ ಆದಿತ್ಯ ಆ ಖಾಲಿ ಬಿಂದುವನ್ನೇ ಬಳಸಿ ದೊಡ್ಡ ಪ್ರದಕ್ಷಿಣೆ ಹಾಕುತ್ತದೆ, ಒಂದಕ್ಕೆ ಸುಮಾರು 178 ದಿನ. ದಾರಿ ತಪ್ಪುವ ಲಕ್ಷಣ ಕಂಡಾಗ ನೌಕೆಯ ಪುಟ್ಟ ಎಂಜಿನ್‌ಗಳನ್ನು ಉರಿಸಿ ತಿದ್ದಬೇಕು. ಹೀಗೆ ತಿದ್ದಿಸಿಕೊಳ್ಳುತ್ತಲೇ ಅದು 2024ರ ಜುಲೈ 2ರಂದು ಮೊದಲ ಪ್ರದಕ್ಷಿಣೆ ಮುಗಿಸಿ ಎರಡನೆಯದಕ್ಕೆ ಹೊರಟಿತು.