ಅಣ್ಣನ ಮಂಚ ನೋಡಿ ಬಂದೆ

ಹೊಂಬಳದಿಂದ ಹೊರಟ ದಿನ ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಟ್ಟು ಒಂದೇ ಮಾತು ಹೇಳಿದ್ದಳು: ‘ಅವ ಎಲ್ಲಿ ಮಲಗ್ತಾನ, ನೋಡ್ಕೊಂಡ ಬಾ.’

ಅಣ್ಣ ಎಂಟು ವರ್ಷಗಳಿಂದ ದುಬೈನಲ್ಲಿ ಎ.ಸಿ. ಮೆಕ್ಯಾನಿಕ್. ಅಲ್ಲಿ ವಾಟ್ಸ್‌ಆ್ಯಪ್ ಕರೆ ನಡೆಯುವುದಿಲ್ಲ. ಬೋಟಿಮ್ ಎಂಬ ಆ್ಯಪ್‌ನಲ್ಲಿ ಮಾತನಾಡುತ್ತಾನೆ. ಕಾಲ್ ಮಾಡಿದಾಗಲೆಲ್ಲ ಮೆಟ್ರೊ ನಿಲ್ದಾಣದ ಎದುರೋ, ದೊಡ್ಡ ಅಂಗಡಿಯ ದೀಪಗಳ ಮುಂದೋ ನಿಂತಿರುತ್ತಾನೆ. ಕೋಣೆಯನ್ನು ಮಾತ್ರ ಎಂದೂ ತೋರಿಸಿದವನಲ್ಲ.

ನಿಜಕ್ಕೂ ಹೋಗಬೇಕಿದ್ದವಳು ಅವ್ವ. ಆದರೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ಯುಎಇ ಸರ್ಕಾರ ಒಂದು ಲೆಕ್ಕ ಪ್ರಕಟಿಸಿತು. ಅಲ್ಲಿರುವವರು ತಂದೆ–ತಾಯಿ, ಹೆಂಡತಿ–ಮಕ್ಕಳನ್ನು ತಮ್ಮ ಹೆಸರಿನಲ್ಲಿ ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಂ ಆದಾಯ ಇರಬೇಕು. ಅದಕ್ಕಿಂತ ದೂರದ ಸಂಬಂಧಿಗಳಿಗಾದರೆ 8,000, ಗೆಳೆಯರಿಗಾದರೆ 15,000. ಅಣ್ಣನ ಸಂಬಳ 3,200. ಹೆತ್ತವ್ವನನ್ನು ಕರೆಸುವ ಅರ್ಹತೆಯೂ ಅವನಿಗಿಲ್ಲ! ಉಳಿದದ್ದು ಟ್ರಾವೆಲ್ಸ್‌ನವರ ಮೂಲಕ ಟೂರಿಸ್ಟ್ ವೀಸಾ. ಹೋಗಿಬರುವ ಟಿಕೆಟ್, ಉಳಿಯುವ ಜಾಗದ ದಾಖಲೆ, ಕೈಯಲ್ಲಿ ಹಣ ಎಲ್ಲವನ್ನೂ ತೋರಿಸಬೇಕು. ನಮ್ಮ ಬಳಿ ಇದ್ದದ್ದು ಒಬ್ಬರಿಗೆ ಆಗುವಷ್ಟು ದುಡ್ಡು. ‘ನನಗ ಇಂಗ್ಲಿಷ್ ಬರಂಗಿಲ್ಲ, ನೀನಽ ಹೋಗು’ ಎಂದಳು ಅವ್ವ. ಬಿ.ಕಾಂ. ಮುಗಿಸಿ, ಎರಡು ವರ್ಷಗಳಿಂದ ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ವಿಮಾನ ಹತ್ತಿದೆ.

ದುಬೈ ವಿಡಿಯೊಗಳಲ್ಲಿ ಕಾಣುವ ಹಾಗೆಯೇ ಇದೆ, ಅದರಲ್ಲಿ ಸುಳ್ಳಿಲ್ಲ. 2009ರಲ್ಲಿ ಶುರುವಾದ ಮೆಟ್ರೊಗೆ ಚಾಲಕನೇ ಇಲ್ಲ. ಮುಂದಿನ ಗಾಜಿಗೆ ಮುಖ ಒತ್ತಿ ಮಗುವಿನಂತೆ ನಿಂತುಬಿಟ್ಟೆ. ಒಳಗೆ ಏನೂ ತಿನ್ನುವಂತಿಲ್ಲ, ತಿಂದರೆ 100 ದಿರ್ಹಂ ದಂಡ. ರೊಟ್ಟಿಯ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. 40 ಲಕ್ಷದ ಆಸುಪಾಸಿನ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೊರಗಿನವರು. ಮಲಯಾಳ, ಉರ್ದು, ಬಂಗಾಳಿ ಕಿವಿಗೆ ಬೀಳುತ್ತಲೇ ಇತ್ತು.

ದೇರಾದ ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅಣ್ಣ ಬಾಗಿಲು ತೆರೆದ. ಒಂದು ಕೋಣೆ, ಒಂದರ ಮೇಲೊಂದರಂತೆ ಆರು ಮಂಚ. ಪ್ರತಿ ಮಂಚಕ್ಕೂ ಒಂದು ಪರದೆ. ಅದನ್ನು ಎಳೆದುಕೊಂಡರೆ ಅದೇ ಮನೆ. ಬಾಡಿಗೆ ತಿಂಗಳಿಗೆ 750 ದಿರ್ಹಂ, ಅಂದರೆ ಸುಮಾರು 18 ಸಾವಿರ ರೂಪಾಯಿ. ಆ ದುಡ್ಡಿಗೆ ಗದಗದಲ್ಲಿ ಇಡೀ ಮನೆಯೇ ಸಿಗುತ್ತದೆ. ಮೊದಲು ಅವನು ಪ್ಲೈವುಡ್ ಹಲಗೆ ಹೊಡೆದು ಮಾಡಿದ ‘ಪಾರ್ಟಿಷನ್’ ಒಂದರಲ್ಲಿದ್ದ. 2025ರ ಜೂನ್‌ನಲ್ಲಿ ಅಲ್ಲಿನ ಪಾಲಿಕೆ ರಿಗ್ಗಾ, ಸತ್ವಾ, ಬರ್ಷಾ ಮುಂತಾದ ಕಡೆ ಅಕ್ರಮ ಪಾರ್ಟಿಷನ್‌ಗಳನ್ನು ತೆಗೆಸತೊಡಗಿತು. ಬೆಂಕಿ ಬಿದ್ದರೆ ಓಡಲು ದಾರಿ ಇಲ್ಲ ಎಂಬ ಕಾರಣ ಸರಿಯಾದದ್ದೇ. ಆದರೆ ಹಲಗೆ ತೆಗೆದವರು ಬೇರೆ ಜಾಗ ಕೊಡಲಿಲ್ಲ. ‘ಹಲಗಿ ಇದ್ದಾಗ ಬಟ್ಟಿ ಬದಲಿ ಮಾಡಾಕರ ಬರ್ತಿತ್ತು ತಮ್ಮಾ’ ಎಂದ ಅಣ್ಣ.

ರಜೆಗೆ ಊರಿಗೆ ಹೋದವನೊಬ್ಬನ ಮಂಚ ನನಗೆ ಸಿಕ್ಕಿತು. ಎದುರಿನ ಮಂಚದಲ್ಲಿ ಮುಂಡರಗಿ ಕಡೆಯ ಹುಡುಗ, ನನ್ನದೇ ವಯಸ್ಸು, ಬಿ.ಎ. ಪದವೀಧರ. ಏಜೆಂಟ್‌ಗೆ ಒಂದೂಕಾಲು ಲಕ್ಷ ಕೊಟ್ಟು ಎರಡು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದ. ‘ಹೋಗಿ ಇಳಿ, ಕೆಲಸ ತಾನೇ ಸಿಗ್ತೈತಿ’ ಎಂದಿದ್ದನಂತೆ ಆ ಏಜೆಂಟ್. ಐವತ್ತು ದಿನ ಕಳೆದಿತ್ತು. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ. ಮೊದಲೆಲ್ಲ ಸಣ್ಣ ಅಂಗಡಿಯವರು ‘ಬಾ, ಕೆಲಸ ಮಾಡು, ಕಾಗದ ಆಮೇಲೆ ನೋಡೋಣ’ ಎನ್ನುತ್ತಿದ್ದರು. 2024ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದವರನ್ನು ದುಡಿಸಿಕೊಂಡ ಮಾಲೀಕನಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡ ಬೀಳುತ್ತದೆ. ಈಗ ಯಾರೂ ಒಳಗೆ ಕರೆಯುವುದಿಲ್ಲ.

ಕೆಲಸ ಹುಡುಕಲೆಂದೇ ಯುಎಇ 2022ರಲ್ಲಿ ಬೇರೊಂದು ವೀಸಾ ತಂದಿದೆ. ಅದಕ್ಕೆ ಪದವಿ ಬೇಕು. ಹೊಸ ಪದವೀಧರನಾದರೆ ಜಗತ್ತಿನ ಅಗ್ರ 500 ವಿಶ್ವವಿದ್ಯಾಲಯಗಳಲ್ಲೊಂದರಲ್ಲಿ ಓದಿರಬೇಕು. ಧಾರವಾಡದಲ್ಲಿ ಓದಿದ ನಾವು ಆ ಸಾಲಿಗೆ ಬರುವುದಿಲ್ಲ. ಹೀಗಾಗಿ ನೆಂಟರನ್ನು ನೋಡಲು ಇರುವ ವೀಸಾ ನಮ್ಮ ಕಡೆಯವರಿಗೆ ನೌಕರಿಯ ವೀಸಾ ಆಗಿಬಿಟ್ಟಿದೆ.

ಇಲ್ಲಿ ನಮ್ಮ ದೇಶದ ಕಾನೂನಿನಲ್ಲೂ ಒಂದು ವಿಚಿತ್ರವಿದೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗದ್ದು. ಅವರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ‘ಇ–ಮೈಗ್ರೇಟ್’ ಪೋರ್ಟಲ್ ಮೂಲಕ ಸರ್ಕಾರದ ಅನುಮತಿ ಬೇಕು. ಜೊತೆಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಕಡ್ಡಾಯ. ನೋಂದಾಯಿತ ಏಜೆಂಟ್ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ. ಹತ್ತನೇ ತರಗತಿ ಪಾಸಾದವರಿಗೆ ಆ ಅನುಮತಿಯೂ ಬೇಡ, ವಿಮೆಯೂ ಕಡ್ಡಾಯವಲ್ಲ. ಓದಿದವನು ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ ಇದರ ಹಿಂದಿದೆ. ಆ ಬಿ.ಎ. ಹುಡುಗನನ್ನು ನೋಡಿದ ಮೇಲೆ ನನಗೆ ಆ ನಂಬಿಕೆ ಉಳಿದಿಲ್ಲ. ಅವನು ದುಬೈನಲ್ಲಿದ್ದಾನೆ ಎಂಬುದು ಕಾರ್ಮಿಕರ ಯಾವ ಪಟ್ಟಿಯಲ್ಲೂ ಇಲ್ಲ. ಓದಿದವರೂ ಹೊರಡುವ ಮುನ್ನ ನೋಂದಾಯಿಸಬೇಕೆಂದು ಕೇಂದ್ರ ಸರ್ಕಾರ 2018ರ ನವೆಂಬರ್‌ನಲ್ಲಿ ಹೇಳಿತ್ತು. ಅದೇ ತಿಂಗಳು ಅದನ್ನು ತಡೆಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ ಹಳೆಯ ಕಾಯ್ದೆಯ ಬದಲಿಗೆ ಹೊಸ ಮಸೂದೆಯ ಕರಡು ಬಂದಿದೆ. ವಿಸಿಟ್ ವೀಸಾದಲ್ಲಿ ಹೋಗುವ ಪದವೀಧರರಿಗೆ ಅದರಲ್ಲಿ ಜಾಗ ಸಿಗದಿದ್ದರೆ ಹೆಸರು ಬದಲಾದದ್ದಷ್ಟೇ ಲಾಭ.

ಕೇರಳ 1996ರಲ್ಲೇ ಹೊರನಾಡಿಗರಿಗಾಗಿ ಪ್ರತ್ಯೇಕ ಇಲಾಖೆ ಮಾಡಿತು. ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿ ಅಂತಾರಾಷ್ಟ್ರೀಯ ವಲಸೆ ಕೇಂದ್ರವಿದೆ. ಅದು ಇರುವುದು ಬೆಂಗಳೂರಿನಲ್ಲಿ. ಏಜೆಂಟ್ ಇರುವುದು ಬಸ್ ಸ್ಟ್ಯಾಂಡ್ ಪಕ್ಕದಲ್ಲಿ. ಹುಡುಗರು ಯಾರ ಬಳಿ ಹೋಗುತ್ತಾರೆ ಹೇಳಿ? ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದವನು ಕೆಲಸ ಸಿಗದಿದ್ದರೆ ರಾತ್ರಿ ಬಸ್ಸಿಗೆ ವಾಪಸ್ ಬರಬಹುದು. ಅಲ್ಲಿಂದ ಹಾಗೆ ಬರಲಾಗದು.

ನಾನು ಸಾಧುವೇನಲ್ಲ. ವೀಸಾ ಮಾಡಿಸಿಕೊಟ್ಟವನು ‘ಟಿಕೆಟ್ ಬಿಟ್ಟಬಿಡು, ಅಲ್ಲೇ ಉಳಿ’ ಎಂದಿದ್ದ. ಆ ಮಾತು ಹದಿನೈದು ದಿನ ತಲೆಯಲ್ಲಿ ಕೂತಿತ್ತು. ರೂಪಾಯಿ ಬಿದ್ದ ಸುದ್ದಿ ಬಂದಾಗಲೆಲ್ಲ ಅಣ್ಣ ಕಳಿಸುವ ದುಡ್ಡು ಹೆಚ್ಚಾಯಿತೆಂದು ಒಳಗೊಳಗೇ ಖುಷಿಪಡುವ ಮನೆ ನಮ್ಮದು. ಕೊನೆಯ ರಾತ್ರಿ ಕೇಳಿಯೇ ಬಿಟ್ಟೆ: ‘ಅಣ್ಣಾ, ನಾನೂ ಇಲ್ಲೇ ಇರಲೇನು?’ ಅವನು ಪರದೆಯಾಚೆಯಿಂದ ಹೇಳಿದ: ‘ಬರೂದಾದ್ರ ನೌಕರಿ ಕಾಗದ ಹಿಡ್ಕೊಂಡ ಬಾ. ಹಿಂಗ ಬ್ಯಾಡ.’

ಮುಂಡರಗಿಯ ಹುಡುಗ ನಾನು ಹೊರಡುವವರೆಗೂ ಮೊಬೈಲ್‌ನಲ್ಲಿ ಅರ್ಜಿ ಹಾಕುತ್ತಲೇ ಇದ್ದ. ಉಳಿದ ರೊಟ್ಟಿಯನ್ನು ಅವನಿಗೇ ಬಿಟ್ಟು ಬಂದೆ.

ಮನೆಗೆ ಬಂದ ರಾತ್ರಿ ಅವ್ವ ಕೇಳಿದಳು. ಅಣ್ಣ ಫೋಟೊ ತೋರಿಸಬೇಡ ಎಂದಿದ್ದ, ಆದರೂ ತೋರಿಸಿದೆ. ಅವಳು ಮೊಬೈಲ್ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ‘ಮ್ಯಾಲಿಂದೋ ಕೆಳಗಿಂದೋ?’ ಎಂದಳು. ‘ಮ್ಯಾಲಿಂದು’ ಅಂದೆ. ‘ರಾತ್ರಿ ಇಳೀವಾಗ ಹುಷಾರ್ ಅಂತ ಹೇಳು’ ಎಂದು ಮೊಬೈಲ್ ವಾಪಸ್ ಕೊಟ್ಟಳು.