ಅಂಗನವಾಡಿ ಮಕ್ಕಳ ಕೈಗೆ ಚಿತ್ರದ ಪುಸ್ತಕ ಕೊಡಿ



ನನ್ನ ತಮ್ಮನಿಗೆ ನಾಲ್ಕು ವರ್ಷ. ಅಂಗನವಾಡಿಗೆ ಹೋಗುತ್ತಾನೆ. "ಅಲ್ಲಿ ಬರೀ ಆಟ, ಒಂದಕ್ಷರ ಕಲೀಲಿಲ್ಲ, ಜೂನ್‌ಗೆ ಪೇಟೆ ಕಾನ್ವೆಂಟಿಗೆ ಹಾಕ್ತೀನಿ" ಅಂತ ಅಪ್ಪ ಹೇಳುತ್ತಾರೆ. ವ್ಯಾನು ಬೆಳಗ್ಗೆ ಏಳಕ್ಕೇ ಬರುತ್ತದೆ. ಅವನಿಗೆ ಇನ್ನೂ ಚಡ್ಡಿ ಗುಂಡಿ ಹಾಕಿಕೊಳ್ಳೋಕೆ ಬರಲ್ಲ. ನನ್ನ ಅಭಿಪ್ರಾಯ ಏನೆಂದರೆ, ಅಂಗನವಾಡಿಯಲ್ಲಿ ಆಟ ಇರುವುದು ತಪ್ಪಲ್ಲ, ಚಿತ್ರದ ಪುಸ್ತಕಗಳು ಬೀರುವಿನಲ್ಲಿ ಇರುವುದು ತಪ್ಪು. ಹರಿದು ಹಾಕ್ತಾರೆ ಅಂತ ಬೀಗ ಹಾಕಿದ್ದಾರೆ. ಮಕ್ಕಳು ಸ್ಲೇಟಿನ ಮೇಲೆ 'ಅ' ತಿದ್ದುತ್ತಾ ಕೂತಿರುತ್ತಾರೆ.

ಎರಡು ತಿಂಗಳ ಹಿಂದೆ ನಮ್ಮ ವಿಜ್ಞಾನದ ಮೇಡಂ ಒಂದು ಇಂಗ್ಲಿಷ್ ಚಿತ್ರಪುಸ್ತಕ ತಂದಿದ್ದರು. ಹೆಸರು 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್', ಅಂದರೆ ತುಂಬಾ ಹಸಿದ ಕಂಬಳಿಹುಳ. ಅಮೆರಿಕದ ಎರಿಕ್ ಕಾರ್ಲ್ ಬರೆದದ್ದು, 1969ರಲ್ಲಿ ಬಂದದ್ದು. ಚಿತ್ರವೂ ಅವರದೇ, ಬಣ್ಣ ಬಳಿದ ತೆಳು ಕಾಗದ ಕತ್ತರಿಸಿ ಅಂಟಿಸಿದ್ದಾರೆ. ಹುಳ ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಹಣ್ಣು, ಹೀಗೇ ಶುಕ್ರವಾರಕ್ಕೆ ಐದು ಕಿತ್ತಳೆ ತಿನ್ನುತ್ತೆ. ತಿಂದ ಕಡೆಯೆಲ್ಲ ಹಾಳೆಯಲ್ಲಿ ನಿಜವಾದ ತೂತು! ಶನಿವಾರ ಏನೇನೋ ತಿಂದು ಹೊಟ್ಟೆನೋವು. ಕೊನೆಗೆ ಚಿಟ್ಟೆ.

ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಮೇಡಂ ನಮ್ಮಲ್ಲಿ ನಾಲ್ಕು ಜನರನ್ನು ಅಂಗನವಾಡಿಗೆ ಕರೆದುಕೊಂಡು ಹೋದರು. ಕನ್ನಡದಲ್ಲಿ ಕತೆ ಹೇಳಿದರು. ತೂತಿಗೆ ಬೆರಳು ಹಾಕೋಕೆ ಮಕ್ಕಳಲ್ಲಿ ಜಗಳವೇ ಆಯಿತು. ಆಮೇಲೆ ಕೆರೆ ಮಣ್ಣಿನ ಉಂಡೆಗಳನ್ನು ಸಾಲಾಗಿ ಅಂಟಿಸಿ ಹುಳ ಮಾಡಿಸಿದೆವು. ಕಣ್ಣಿಗೆ ಹುಣಸೆ ಬೀಜ. (ಒಬ್ಬ ಬೀಜವನ್ನು ಮೂಗಿಗೆ ಹಾಕಿಕೊಳ್ಳೋಕೆ ಹೋದ. ಇನ್ನು ಮೇಲೆ ಬೀಜ ಬೇಡ, ಕಡ್ಡಿಯಲ್ಲಿ ಚುಕ್ಕಿ ಸಾಕು.) ಪೇರ್ ಹಣ್ಣು ಯಾರೂ ನೋಡಿಲ್ಲ, ಅದಕ್ಕೇ ಸೀಬೆ ಅಂದೆವು. ಹೊಂಗೆ ಎಲೆಯನ್ನು ತೆಂಗಿನ ಕಡ್ಡಿಗೆ ಪೋಣಿಸಿದರು, ಸೋಮವಾರಕ್ಕೆ ಒಂದು, ಮಂಗಳವಾರಕ್ಕೆ ಎರಡು. ಮನೆಯಲ್ಲಿ ಅಪ್ಪ ಎಣಿಸು ಅಂದರೆ ಮೂರಾದ ಮೇಲೆ ಏಳು ಅನ್ನುತ್ತಿದ್ದ ನನ್ನ ತಮ್ಮ ಆವತ್ತು ಐದರ ತನಕ ತಪ್ಪದೆ ಎಣಿಸಿದ.

ನಿಜವಾದ ಮಜಾ ಮನೆಯಲ್ಲಿ ಆಯಿತು. ನಮ್ಮದು ರೇಷ್ಮೆ ಸಾಕುವ ಮನೆ. ತಮ್ಮ ಹುಳದ ತಟ್ಟೆ ಮುಂದೆ ಕೂತು "ಇದ್ಯಾಕೆ ಸೇಬು ತಿನ್ನಲ್ಲ?" ಅಂದ. ಇದು ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೇನೂ ಮುಟ್ಟಲ್ಲ, ನಾಲ್ಕು ಜ್ವರ ಕಳೆದು ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡ್ತೀವಿ ಅಂತ ಅಪ್ಪನೇ ಅವನ ಪಕ್ಕ ಕೂತು ಹೇಳಿದರು. ಗೂಡೆಲ್ಲಾ ಮಾರ್ಕೆಟ್ಟಿಗೆ ಹೋಗುತ್ತೆ, ಹಾಗಾಗಿ ಒಳಗಿಂದ ಏನು ಬರುತ್ತೆ ಅಂತ ನಾನೂ ನೋಡಿರಲಿಲ್ಲ. ಅಪ್ಪ ಎರಡು ಗೂಡು ಎತ್ತಿಟ್ಟರು. ಹನ್ನೆರಡು ದಿನಕ್ಕೆ ಗೂಡು ತೂತಾಗಿ ಬಿಳಿ ಪತಂಗ ಬಂತು. ತಮ್ಮ ಆ ತೂತಿಗೂ ಬೆರಳು ಇಟ್ಟು ನೋಡಿದ. "ಪುಸ್ತಕದ್ದಕ್ಕೆ ಬಣ್ಣ ಇತ್ತು" ಅಂತ ತಕರಾರು ಬೇರೆ! ಮೇಡಂ ಹತ್ತಿರ ಕೇಳಿದೆ. ಚಿಟ್ಟೆ ಬೇರೆ, ಪತಂಗ ಬೇರೆ. ಚಿಟ್ಟೆಯ ಹುಳ ಸಾಮಾನ್ಯವಾಗಿ ರೇಷ್ಮೆ ಗೂಡು ಕಟ್ಟುವುದಿಲ್ಲ, ಕೋಶವಾಗಿ ನೇತಾಡುತ್ತದೆ, ಆದರೆ ಪುಸ್ತಕದಲ್ಲಿ ಗೂಡು ಅಂತಲೇ ಬರೆದಿದ್ದಾರೆ ಎಂದರು. ನಾಲ್ಕು ವರ್ಷದವನು ತಕರಾರು ಮಾಡದಿದ್ದರೆ ಏಳನೇ ಕ್ಲಾಸಿನ ನನಗೂ ಇದು ಗೊತ್ತಾಗುತ್ತಿರಲಿಲ್ಲ.

ಅಂಗನವಾಡಿ ಟೀಚರ್‌ಗೆ ಪುರುಸೊತ್ತಿಲ್ಲ, ಒಪ್ಪುತ್ತೇನೆ. ಮಕ್ಕಳ ತೂಕ, ಊಟ, ರಿಜಿಸ್ಟರ್ ಎಲ್ಲಾ ನೋಡಬೇಕು. ಆವತ್ತು ಕೆಸರು ತೊಳೆದದ್ದು ಸಹಾಯಕಿ ಅಕ್ಕ, ನಾವು ಮನೆಗೆ ಓಡಿಬಿಟ್ಟೆವು. ಅದು ನಮ್ಮ ತಪ್ಪು. ಆದರೆ 1975ರ ಅಕ್ಟೋಬರ್ 2ರಂದು ಈ ಯೋಜನೆ ಶುರುವಾದಾಗಲೇ ಊಟ, ಚುಚ್ಚುಮದ್ದಿನ ಜೊತೆಗೆ ಶಾಲೆಗೆ ಮುಂಚಿನ ಕಲಿಕೆಯೂ ಸೇರಿತ್ತಂತೆ. ಆ ಕೆಲಸಕ್ಕೆ ನಾವು ದೊಡ್ಡ ಮಕ್ಕಳು ಕೈ ಹಾಕಬಹುದಲ್ಲ?

ಕಾನ್ವೆಂಟಿನ ವಿಷಯ ಅಪ್ಪ ಈಗ ಮಾತಾಡುತ್ತಿಲ್ಲ. ಅರ್ಜಿ ಮಾತ್ರ ಇನ್ನೂ ಗೋಡೆಗೂಡಿನಲ್ಲೇ ಇದೆ.

ಶನಿವಾರ ಒಂದು ದಿನ ಬೀರು ತೆಗೆಸಿಕೊಡಿ ಅಂತ ಹೆಡ್‌ಮಾಸ್ಟರ್ ಸರ್ ಹತ್ತಿರ ವಿನಂತಿ. ಪುಸ್ತಕ ಹರಿದರೆ ಮೈದಾ ಅಂಟು ಕಾಯಿಸಿ ನಾನೇ ಅಂಟಿಸಿಕೊಡುತ್ತೇನೆ. ಬರುವವರು ಈ ಹಾಳೆಯ ಕೆಳಗೆ ಹೆಸರು ಬರೆಯಿರಿ. ಈ ಸಲ ನೆಲ ತೊಳೆದೇ ಮನೆಗೆ ಹೋಗಬೇಕು. ಮಣ್ಣು ನಾನು ತರುತ್ತೇನೆ.

– 7ನೇ ತರಗತಿ ವಿದ್ಯಾರ್ಥಿನಿ